ರೆಂಬ್ರಾಂಟ್ ಬಿಡಿಸಿದ ಬುರುಜಿಗೆ ತಲೆ ಯಾಕಿಲ್ಲ?

ಕಾಲುವೆದಡ:

ಎಲ್ಲರಿಗೂ ನಮಸ್ಕಾರ. ಹಳೆ ಚಿತ್ರ, ಹಳೆ ನಕ್ಷೆ ನೋಡುವವರು ಇಲ್ಲಿ ಜಾಸ್ತಿ ಇದ್ದೀರಿ ಅಂತ ಗೊತ್ತು, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಾನಿರುವುದು ಆಮ್‌ಸ್ಟರ್‌ಡ್ಯಾಮ್ ಪಕ್ಕದಲ್ಲಿ. ಹೋದ ಬೇಸಿಗೆಯಲ್ಲಿ ಅತ್ತೆ ಶಿವಮೊಗ್ಗದಿಂದ ಬಂದಿದ್ದರು. ಹದಿನೇಳನೇ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟ್ ಇದ್ದ ಮನೆ ಈಗ ಮ್ಯೂಸಿಯಂ ಆಗಿದೆಯಲ್ಲ, ಅದನ್ನು ನೋಡಿ ಹೊರಗೆ ಬರುವಾಗ ಎರಡು ಕಾರ್ಡು ತಗೊಂಡೆವು. ಒಂದರಲ್ಲಿ ಮಾಂಟೆಲ್‌ಬಾನ್ ಗೋಪುರದ ಚಿತ್ರ. ಕಂದು ಶಾಯಿಯಲ್ಲಿ ಬಿಡಿಸಿದ್ದು, ನೀರಿನ ಅಂಚಿಗೆ ದಪ್ಪನೆಯ ಒಂದು ಬುರುಜು, ಅಷ್ಟೇ ಅನ್ನುವ ಹಾಗಿದೆ. ಇನ್ನೊಂದು ಕಾರ್ಡಿನಲ್ಲಿ ದೂರದಿಂದ ಕಾಣುವ ಇಡೀ ಊರು: ಗಾಳಿಯಂತ್ರ, ಚರ್ಚುಗಳ ತುದಿ, ಮುಂದೆ ಜೌಗು ನೆಲ.

ಆ ಗೋಪುರ ಮ್ಯೂಸಿಯಂನಿಂದ ಐದು ನಿಮಿಷದ ದಾರಿ. ಪಕ್ಕದ ಸೇತುವೆ ಮೇಲೆ ನಿಂತರೆ ಕಾಲುವೆಯ ಉದ್ದಕ್ಕೂ ನೋಟ ಹರಿದು ಅಲ್ಲೇ ಹೋಗಿ ನಿಲ್ಲುತ್ತದೆ. ಅತ್ತೆ ಕಾರ್ಡನ್ನು ಕೈಯಲ್ಲಿ ಎತ್ತಿ ಹಿಡಿದು ಒಂದು ಸಲ ಅದನ್ನು, ಒಂದು ಸಲ ಇದನ್ನು ನೋಡಿದರು. ಆಮೇಲೆ "ಇದರ ತಲೆ ಎಲ್ಲಿ ಹೋಯ್ತೇ?" ಅಂದರು. ನಿಜವಾಗಿಯೂ ಇಲ್ಲ! ಎದುರಿಗಿರುವ ಗೋಪುರಕ್ಕೆ ಬುರುಜಿನ ಮೇಲೆ ಎಂಟು ಮೂಲೆಯ ಕಟ್ಟಡ, ಗಡಿಯಾರ, ಅದರ ಮೇಲೆ ಕಳಸದ ಹಾಗೆ ಚೂಪಾಗಿ ಏರುವ ಶಿಖರ ಇದೆ. ಚಿತ್ರದಲ್ಲಿ ಬರೀ ಬುಡ.

ನಾನು ಯೋಚನೆ ಮಾಡದೆ "ಶಿಖರ ಆಮೇಲೆ ಕಟ್ಟಿದ್ದಿರಬೇಕು ಅತ್ತೆ, ಚಿತ್ರ ಅದಕ್ಕಿಂತ ಹಳೇದು" ಅಂದುಬಿಟ್ಟೆ. ಅವರು ಅದನ್ನೇ ಕಾರ್ಡಿನ ಹಿಂದೆ ಪೆನ್ನಿನಲ್ಲಿ ಬರೆದುಕೊಂಡು ಊರಿಗೆ ಒಯ್ದರು. ಈಗ ಅದು ಮನೆಯ ಶೋಕೇಸಿನಲ್ಲಿದೆ, ಬಂದವರಿಗೆಲ್ಲ ತೋರಿಸುತ್ತಾರೆ. ಮೊನ್ನೆಯಿಂದ ನನಗೆ ಅನುಮಾನ ಶುರುವಾಗಿದೆ. ನಾನು ಹೇಳಿದ್ದು ಸರೀನಾ? ಅಥವಾ ಅವನು ಚಿತ್ರವನ್ನು ಅರ್ಧಕ್ಕೆ ಬಿಟ್ಟನಾ?

ಇನ್ನೊಂದು ಕಾರ್ಡೂ ತಲೆ ಕೆಡಿಸಿದೆ. ಯಾವ ದಿಕ್ಕಿನಿಂದ ನೋಡಿದರೂ ಚರ್ಚುಗಳು ಇರಬೇಕಾದ ಕಡೆ ಇಲ್ಲ. ಸುಮ್ನೆ ಕಲ್ಪನೆಯಿಂದ ಬಿಡಿಸಿದ್ದೋ ಏನೋ.

ಹಳೆನಕ್ಷೆ:

ಒಳ್ಳೆ ಪ್ರಶ್ನೆ. ನಿಮ್ಮ ಅತ್ತೆಯವರ ಕಣ್ಣಿಗೆ ದೊಡ್ಡ ನಮಸ್ಕಾರ, ಕಾರ್ಡನ್ನು ಎದುರಿಗಿರುವ ಕಟ್ಟಡಕ್ಕೆ ಹಿಡಿದು ನೋಡುವ ಕೆಲಸ ತುಂಬಾ ಜನ ಮಾಡುವುದೇ ಇಲ್ಲ.

ಆದರೆ ನೀವು ಹೇಳಿದ್ದು ಸರಿಯಲ್ಲ. ಶಿಖರ ಏರಿದ್ದು 1606ರಲ್ಲಿ. ರೆಂಬ್ರಾಂಟ್ ಹುಟ್ಟಿದ್ದೂ 1606ರಲ್ಲೇ, ಜುಲೈ 15ಕ್ಕೆ, ಅದೂ ಆಮ್‌ಸ್ಟರ್‌ಡ್ಯಾಮಿನಲ್ಲಲ್ಲ, ಲೈಡನ್ ಊರಿನಲ್ಲಿ. ಆಮ್‌ಸ್ಟರ್‌ಡ್ಯಾಮಿಗೆ ಬಂದು ನೆಲೆಸಿದ್ದು 1631ರ ಆಸುಪಾಸು. ಅಂದರೆ ತಲೆ ಇಲ್ಲದ ಆ ಬುರುಜನ್ನು ಅವನು ಜೀವಮಾನದಲ್ಲಿ ಒಂದು ದಿನವೂ ಕಣ್ಣಾರೆ ನೋಡಿಲ್ಲ. ಚಿತ್ರದ ಕಾಲವನ್ನು ಸುಮಾರು 1644–45 ಅಂತ ಇಟ್ಟಿದ್ದಾರೆ. ಶಿಖರ ಬಂದು ಆಗಲೇ ನಲವತ್ತು ವರ್ಷದ ಹತ್ತಿರ.

ಇದಕ್ಕೆ ಬೇರೆ ಸಾಕ್ಷಿಯೂ ಇದೆ. ಬಾಲ್ತಸರ್ ಫ್ಲೋರಿಸ್ ವಾನ್ ಬೆರ್ಕೆನ್‌ರೋಡೆ ಅನ್ನುವವನು 1625ರಲ್ಲಿ ಊರಿನ ದೊಡ್ಡ ನಕ್ಷೆ ಮಾಡಿದ, ಹಕ್ಕಿ ಮೇಲಿನಿಂದ ನೋಡಿದ ಹಾಗೆ ಪ್ರತಿ ಮನೆಯನ್ನೂ ಬಿಡಿಸಿದ್ದಾನೆ. ಅದನ್ನು ಹಿಗ್ಗಿಸಿ ನೋಡಿ, ಶಿಖರದ ಸಮೇತ ಗೋಪುರ ಸಿಗುತ್ತದೆ. ಒಂದು ಎಚ್ಚರ ಇರಲಿ: ಆ ಕಾಲದ ಆಮ್‌ಸ್ಟರ್‌ಡ್ಯಾಮ್ ನಕ್ಷೆಗಳಲ್ಲಿ ಬಂದರು, ಅಂದರೆ ಉತ್ತರ, ಕೆಳಗಡೆ ಇರುತ್ತದೆ. ಹಡಗಿನಿಂದ ಬರುವವನಿಗೆ ಊರು ಕಾಣುವ ಹಾಗೆ. ನಾವು ಮೊಬೈಲ್ ನಕ್ಷೆಯಲ್ಲಿ ಉತ್ತರ ಮೇಲಿರುವುದನ್ನೇ ನೋಡಿ ರೂಢಿ, ಹಾಗಾಗಿ ಎಡ ಬಲ ಎಲ್ಲ ತಿರುಗಿಬಿಡುತ್ತದೆ. ನಾನು ಮೊದಲ ಸಲ ಹುಡುಕುವಾಗ ಒಂದು ಸಂಜೆಯೆಲ್ಲ ತಪ್ಪು ಕಡೆ ಹುಡುಕಿದ್ದೆ.

ಬುರುಜಿನ ಕತೆಯನ್ನೂ ಹೇಳುತ್ತೇನೆ, ಯಾಕಂದರೆ ಚಿತ್ರಕ್ಕೆ ಅದು ಬೇಕು. ಊರಿನ ಪೂರ್ವಕ್ಕೆ, ಕೋಟೆ ಗೋಡೆಯ ಹೊರಗೆ ಲಾಸ್ಟಾಜ್ ಅಂತ ಒಂದು ಕೇರಿ. ಹಡಗು ಕಟ್ಟುವವರು, ಹಗ್ಗ ಹೊಸೆಯುವವರು ಇದ್ದ ಜಾಗ. 1512ರಲ್ಲಿ ಗೆಲ್ಡರ್ ಸೀಮೆಯ ದಂಡು ಬಂದು ಅದನ್ನು ಸುಟ್ಟುಹಾಕಿತು. ಆ ಪೆಟ್ಟು ತಿಂದ ಮೇಲೆ ಅಲ್ಲಿ ಅಗಲವಾದ ಕಾಲುವೆ, ಅದರ ದಡಕ್ಕೆ ಈ ಬುರುಜು ಬಂತು. ಬುರುಜು 1516ರದ್ದು. ಅಂದರೆ ಅದು ಪೂಜೆಗೋ ಅಂದಕ್ಕೋ ಕಟ್ಟಿದ್ದಲ್ಲ, ಕಾವಲಿಗೆ ಕಟ್ಟಿದ್ದು. ಮುಂದೆ ಊರು ಪೂರ್ವಕ್ಕೆ ಬೆಳೆದು ಬುರುಜು ಊರ ಒಳಗೇ ಸೇರಿಹೋಯಿತು, ಕಾವಲಿನ ಕೆಲಸ ಮುಗಿಯಿತು. ಆಗ ಊರವರು ಅದರ ಮೇಲೆ ಗಡಿಯಾರ, ಗಂಟೆ, ಶಿಖರ ಕೂರಿಸಿದರು. ವಿನ್ಯಾಸ ಆ ಕಾಲದ ವಾಸ್ತುಶಿಲ್ಪಿ ಹೆಂಡ್ರಿಕ್ ಡೆ ಕೈಸರ್‌ದು ಅನ್ನುತ್ತಾರೆ. ಮೇಲಿನ ಭಾರಕ್ಕೋ ಏನೋ ಕೆಲವೇ ವರ್ಷದಲ್ಲಿ ಅದು ವಾಲಿತು, ಜನ ಹಗ್ಗ ಕಟ್ಟಿ ಎಳೆದು ನೆಟ್ಟಗೆ ಮಾಡಿದರು ಅನ್ನುವ ಮಾತು ಆ ಊರಿನಲ್ಲಿದೆ. ಗಂಟೆ ಹೊತ್ತು ಗೊತ್ತಿಲ್ಲದೆ ಬಾರಿಸುತ್ತಿತ್ತಂತೆ, ಅದಕ್ಕೆ ‘ಮಾಲೆ ಯಾಪ್’, ಹುಚ್ಚು ಯಾಪ್, ಅಂತ ಹೆಸರಿಟ್ಟರು.

ಹಾಗಾಗಿ ಉತ್ತರ ಇಷ್ಟು: ಚಿತ್ರ ಹಳೇದಲ್ಲ. ಶಿಖರ ಅವನ ಎದುರಿಗೇ ಇತ್ತು, ಅವನು ಬಿಟ್ಟ.

ಮಸಿಕುಡಿಕೆ:

ಹಳೆನಕ್ಷೆಯವರು ಕಾಲದ ಲೆಕ್ಕವನ್ನು ಚೆನ್ನಾಗಿ ಬಿಡಿಸಿದ್ದಾರೆ. ನಾನು ಮಕ್ಕಳಿಗೆ ಚಿತ್ರ ಕಲಿಸುವವಳು, ಕೈ ಹೇಗೆ ಓಡಿದೆ ಅನ್ನುವುದನ್ನು ನೋಡುತ್ತೇನೆ.

ಅರ್ಧಕ್ಕೆ ಬಿಟ್ಟ ಚಿತ್ರ ಬೇರೆ ಥರ ಇರುತ್ತದೆ. ಗೆರೆ ಗಾಳಿಯಲ್ಲಿ ನಿಂತುಬಿಡುತ್ತದೆ, ಮೂಲೆ ಕೂಡಿರುವುದಿಲ್ಲ. ಇಲ್ಲಿ ಹಾಗಲ್ಲ. ಬುರುಜನ್ನು ಲೇಖನಿಯಲ್ಲಿ ಎಳೆದು, ಅದರ ಮೇಲೆ ನೀರು ಬೆರೆಸಿದ ಕಂದು ಶಾಯಿಯನ್ನು ಕುಂಚದಲ್ಲಿ ಹರಿಸಿದ್ದಾನೆ. ನೆರಳು ಕೊಡುವುದು ಕೊನೆಯ ಕೆಲಸ. ಆಕಾರ ಇಷ್ಟೇ ಅಂತ ಮನಸ್ಸಿಗೆ ಬಂದಮೇಲೆ ಮಾತ್ರ ಕೈ ಅಲ್ಲಿಗೆ ಹೋಗುತ್ತದೆ.

ಯಾಕೆ ಬಿಟ್ಟ ಅನ್ನುವುದಕ್ಕೆ ಅವನ ಬೇರೆ ಚಿತ್ರಗಳನ್ನು ಪಕ್ಕದಲ್ಲಿ ಇಟ್ಟು ನೋಡಬೇಕು. 1652ರ ಜುಲೈ 7ರಂದು ಆಮ್‌ಸ್ಟರ್‌ಡ್ಯಾಮಿನ ಹಳೆ ಪುರಭವನ ಸುಟ್ಟುಹೋಯಿತು. ಎರಡೇ ದಿನಕ್ಕೆ, 9ನೇ ತಾರೀಕು, ರೆಂಬ್ರಾಂಟ್ ಅಲ್ಲಿದ್ದ. ಎದುರಿನ, ಸರಕು ತೂಗುವ ತೂಕದ ಮನೆ ಕಡೆಯಿಂದ ಆ ಅವಶೇಷವನ್ನು ಬಿಡಿಸಿದ, ಎಲ್ಲಿಂದ ಕಂಡದ್ದು, ಯಾವ ದಿನ ಅಂತ ತನ್ನ ಕೈಯಲ್ಲೇ ಬರೆದು ಸಹಿ ಹಾಕಿದ. ಗಮನಿಸಿ, ಆ ಹೊತ್ತಿಗೆ ಹೊಸ ಪುರಭವನದ ಕೆಲಸ ಶುರುವಾಗಿ ನಾಲ್ಕು ವರ್ಷ. ಇವತ್ತು ಅರಮನೆ ಅನ್ನುತ್ತಾರಲ್ಲ, 13,659 ಮರದ ಕಂಬಗಳ ಮೇಲೆ ನಿಂತಿರುವ ಆ ಕಟ್ಟಡವೇ. ಊರಿಗೆ ಊರೇ ಅದರ ಬಗ್ಗೆ ಹೆಮ್ಮೆ ಪಡುತ್ತಿತ್ತು. ಇವನ ಮನಸ್ಸು ಹೋದದ್ದು ಸುಟ್ಟ ಗೋಡೆಯ ಕಡೆಗೆ.

ಹೊಸದಾಗಿ ಅಗೆದ ದೊಡ್ಡ ಕಾಲುವೆಗಳು, ಅವುಗಳ ಮೇಲಿನ ಸಾಹುಕಾರರ ಮನೆಗಳು, ಇವತ್ತು ಎಲ್ಲರೂ ಫೋಟೋ ತೆಗೆಯುವ ಜಾಗಗಳು, ಅವನ ಕಾಲದಲ್ಲಿ ಅವೇ ಊರಿನ ದೊಡ್ಡ ಸುದ್ದಿ. ಅವನು ಮಾತ್ರ ಊರ ಹೊರಗಿನ ಹಳ್ಳಿ ದಾರಿ, ಕುಸಿದ ಹುಲ್ಲು ಮಾಡು, ದಡದ ಮೇಲಿನ ಗುಡಿಸಲು ಇವನ್ನೇ ಮತ್ತೆ ಮತ್ತೆ ಬಿಡಿಸಿದ. ಹಾಗಿರುವಾಗ ಬುರುಜಿನ ಮೇಲೆ ಕೂತ ಹೊಸ ಶೃಂಗಾರವನ್ನು ತೆಗೆದು ನೂರು ವರ್ಷದ ಹಳೆ ಇಟ್ಟಿಗೆಯನ್ನು ಮಾತ್ರ ಇಟ್ಟುಕೊಂಡ ಅಂದರೆ ನನಗೆ ಆಶ್ಚರ್ಯ ಆಗುವುದಿಲ್ಲ.

ಇದು ನಮಗೆ ಹತ್ತಿರದ ವಿಷಯ ಅಂತ ಇನ್ನೊಂದು ಹೇಳುತ್ತೇನೆ. ಅವನು ಮೊಘಲರ ಕಿರುಚಿತ್ರಗಳನ್ನು ನೋಡಿ ಬಿಡಿಸಿದ್ದಾನೆ. ಷಾಜಹಾನ್, ಜಹಾಂಗೀರ್ ಎಲ್ಲ ಇದ್ದಾರೆ, ಅಂಥ 23 ಚಿತ್ರಗಳು ಉಳಿದಿವೆ. ಪೇಟ, ಜಾಮೆ, ಕಾಲಿನ ಜೋಡು ಎಲ್ಲ ಶ್ರದ್ಧೆಯಿಂದ ನೋಡಿ ಬಿಡಿಸಿದ್ದು. ಆದರೆ ಮೊಘಲ್ ಚಿತ್ರದ ಜೀವವೇ ಆದ ಬಣ್ಣವನ್ನು ಪೂರ್ತಿ ಬಿಟ್ಟಿದ್ದಾನೆ, ಮೂಲದಲ್ಲಿ ಇಲ್ಲದ ನೆರಳನ್ನು ಕಾಲ ಬುಡಕ್ಕೆ ತಂದಿದ್ದಾನೆ. ಏನು ಬೇಕೋ ಅದನ್ನು ಹಿಡಿಯುವುದು, ಬೇಡದ್ದನ್ನು ಬಿಡುವುದು ಅವನ ಕೈಯ ಸ್ವಭಾವ.

ದಕ್ಕೆಯವ:

ಮಸಿಕುಡಿಕೆ ಮೇಡಂ, ನಿಮ್ಮ ಮಾತು ಓದುವುದಕ್ಕೆ ಚೆನ್ನಾಗಿದೆ, ಆದರೆ ಕೊನೆಯ ಹೆಜ್ಜೆಗೆ ನನ್ನ ಒಪ್ಪಿಗೆ ಇಲ್ಲ. ಹಳೇದರ ಮೇಲಿನ ಪ್ರೀತಿಯಿಂದಲೇ ಬಿಟ್ಟ ಅಂತ ಅವನು ಎಲ್ಲೂ ಬರೆದಿಟ್ಟಿಲ್ಲ. ಪುರಭವನದ ಚಿತ್ರದ ಮೇಲೆ ಬರೆದದ್ದು ಜಾಗ, ದಿನ, ಹೆಸರು ಇಷ್ಟೇ. ಇದರ ಮೇಲೆ ಅದೂ ಇಲ್ಲ.

ನನಗೆ ಕಾಣುವುದು ಕಾಗದ. ಆ ಹಾಳೆ ಚಿಕ್ಕದು, ಅಂಗೈ ಚಾಚಿ ಬೆರಳು ಬಿಡಿಸಿದರೆ ಮುಚ್ಚಿಹೋಗುವಷ್ಟು, ಹೆಚ್ಚುಕಡಿಮೆ ಚೌಕ. ಗೋಪುರ ಶಿಖರದ ಸಮೇತ 48 ಮೀಟರ್ ಎತ್ತರ. ಅದರಲ್ಲಿ ಹಳೆ ಬುರುಜಿನ ಪಾಲು ಕಡಿಮೆ, ಮೇಲಿನದ್ದೇ ಜಾಸ್ತಿ. ಚೌಕ ಹಾಳೆಯಲ್ಲಿ ತುದಿವರೆಗೂ ತರಬೇಕಾದರೆ ಇಡೀ ಕಟ್ಟಡವನ್ನು ಕಡ್ಡಿ ಥರ ಸಣ್ಣಗೆ ಮಾಡಬೇಕು. ಆಗ ಬುರುಜಿನ ತೂಕ ಹೋಯಿತು, ಎರಡೂ ಪಕ್ಕ ಬರೀ ಆಕಾಶ. ಅವನಿಗೆ ಬೇಕಾದದ್ದು ನೀರಿನ ಅಂಚಿಗೆ ಕೂತ ಆ ಗಟ್ಟಿ ಮೈ. ಅದನ್ನು ದೊಡ್ಡದಾಗಿ ಇಟ್ಟ, ಉಳಿದದ್ದಕ್ಕೆ ಜಾಗ ಇರಲಿಲ್ಲ. ಇಷ್ಟೇ ಸಾಕಲ್ವಾ?

ನಾನು ಮಂಗಳೂರು ದಕ್ಕೆಯ ಹತ್ತಿರ ಬೆಳೆದವನು, ಹಾಗಾಗಿ ಚಿತ್ರದಲ್ಲಿ ನೀರು ಕಂಡರೆ ಮೊದಲು ನೀರಿನ ಕೆಲಸ ಏನು ಅಂತ ನೋಡುತ್ತೇನೆ. ಇವತ್ತು ಆ ಕಾಲುವೆಯ ಮೇಲೆ ಪ್ರವಾಸಿಗಳ ದೋಣಿ ಓಡಾಡುತ್ತದೆ, ದಡದಲ್ಲಿ ಮನೆದೋಣಿಗಳು. ರೆಂಬ್ರಾಂಟನ ಕಾಲಕ್ಕೆ ಅದು ದುಡಿಯುವ ನೀರು. ಡಚ್ ಈಸ್ಟ್ ಇಂಡಿಯಾ ಕಂಪನಿಯ ಗೋದಾಮು, ಹಡಗುಕಟ್ಟೆ ಎಲ್ಲ ಆ ಕಡೆಗೇ ಇದ್ದವು. ಏಷ್ಯಾಕ್ಕೆ ಹೋಗುವ ದೊಡ್ಡ ಹಡಗುಗಳಿಗೆ ಊರಿನವರೆಗೆ ತುಂಬಿದ ಭಾರದಲ್ಲಿ ಬರಲು ಆಗುತ್ತಿರಲಿಲ್ಲ, ಒಳಸಮುದ್ರ ಅಷ್ಟು ಆಳ ಇಲ್ಲ. ಅವು ದೂರದ ಟೆಕ್ಸೆಲ್ ದ್ವೀಪದ ಹತ್ತಿರ ಲಂಗರು ಹಾಕಿ ನಿಲ್ಲುತ್ತಿದ್ದವು. ನಾವಿಕರು ಈ ಗೋಪುರದ ಬುಡದಲ್ಲಿ ಸೇರಿ ಸಣ್ಣ ದೋಣಿ ಹತ್ತಿ ಅಲ್ಲಿಗೆ ಹೋಗುತ್ತಿದ್ದರು ಅಂತ ಹೇಳುತ್ತಾರೆ. ಬಟಾವಿಯಾಕ್ಕೂ (ಈಗಿನ ಜಕಾರ್ತ), ನಮ್ಮ ಕರಾವಳಿಗೂ ಹೊರಟವರು ಕೊನೆಗೆ ನೋಡಿದ ಊರು ಇದು. ನೋಡುವವರು ಶಿಖರ ಇದೆಯಾ ಇಲ್ಲವಾ ಅನ್ನುವುದರಲ್ಲೇ ನಿಂತುಬಿಡಬಾರದು ಅಂತ ನನ್ನ ಆಸೆ. ಬುರುಜಿನ ಬುಡಕ್ಕೆ ನೀರು ಹೇಗೆ ತಾಗಿದೆ, ಹತ್ತಿ ಇಳಿಯಲು ಜಾಗ ಎಲ್ಲಿ, ಅದನ್ನೂ ನೋಡಿ.

ಮಸಿಕುಡಿಕೆ:

ದಕ್ಕೆಯವರೇ, ಚೌಕ ಹಾಳೆಯ ಮಾತು ನಾನು ಯೋಚಿಸಿರಲಿಲ್ಲ. ಅದು ಬಲವಾದ ಮಾತು, ಒಪ್ಪುತ್ತೇನೆ.

ಆದರೂ ಒಂದು ವಿಷಯ ಉಳಿಯುತ್ತದೆ. ಜಾಗ ಸಾಲದೇ ಹೋದಾಗ ಎಲ್ಲರೂ ಮಾಡುವುದು, ಶಿಖರದ ಬುಡವನ್ನು ಎಳೆದು ಹಾಳೆಯ ಅಂಚಿಗೆ ಕತ್ತರಿಸುವುದು. ನನ್ನ ಮಕ್ಕಳೂ ಹಾಗೇ ಮಾಡುತ್ತಾರೆ, ತೆಂಗಿನಮರದ ಗರಿ ಹಾಳೆಯ ಹೊರಗೆ ಹೋಗುತ್ತದೆ. ಇವನು ಕತ್ತರಿಸಿಲ್ಲ. ಬುರುಜನ್ನು ಬುರುಜಾಗಿ ಮುಗಿಸಿದ್ದಾನೆ, 1606ರ ಹಿಂದೆ ಅದು ಹೇಗಿದ್ದಿರಬಹುದೋ ಹಾಗೆ. ಅದಕ್ಕೆ ಜಾಗದ ಕೊರತೆ ಒಂದೇ ಸಾಲದು ಅನ್ನಿಸುತ್ತದೆ. ಹಾಳೆ ಚಿಕ್ಕದಾದದ್ದು ಒಂದು ಕಾರಣ ಇರಬಹುದು, ಹೀಗೆ ಮುಗಿಸಬೇಕು ಅಂತ ಬಯಸಿದ್ದು ಬೇರೆ.

ಕಾಲುವೆದಡ:

ನನಗೆ ಈಗ ಒಂದು ಕಡೆ ಖುಷಿ, ಇನ್ನೊಂದು ಕಡೆ ಅತ್ತೆಗೆ ತಪ್ಪು ಹೇಳಿಬಿಟ್ಟೆನಲ್ಲ ಅಂತ ಬೇಜಾರು. ಹಳೆ ಚಿತ್ರ ಅಂದರೆ ಆ ಕಾಲದ ಫೋಟೋ ಅಂತಲೇ ನಂಬಿಕೊಂಡಿದ್ದೆ. ಇದ್ದದ್ದನ್ನು ತೆಗೆದುಹಾಕಿ ಬಿಡಿಸುತ್ತಾರೆ ಅಂತ ಹೊಳೆಯಲೇ ಇಲ್ಲ.

ಹಾಗಾದರೆ ಎರಡನೇ ಕಾರ್ಡಿನಲ್ಲೂ ಚರ್ಚುಗಳನ್ನು ಬೇಕಾದ ಹಾಗೆ ಅದಲುಬದಲು ಮಾಡಿದ್ದಾನಾ?

ಹಳೆನಕ್ಷೆ:

ಇಲ್ಲ ಇಲ್ಲ, ಅದು ಬೇರೆಯೇ ಕತೆ. ಅದನ್ನು ನಾನು ಮೊದಲೇ ಹೇಳಬೇಕಿತ್ತು.

ಮೊದಲನೇ ಕಾರ್ಡು ಕಾಗದದ ಮೇಲೆ ನೇರವಾಗಿ ಬಿಡಿಸಿದ ಚಿತ್ರ. ಎರಡನೇದು ಅಚ್ಚು ಚಿತ್ರ, ಸುಮಾರು 1640–41ರದ್ದು. ತಾಮ್ರದ ತಗಡಿಗೆ ಮೇಣದಂಥ ಲೇಪ ಹಚ್ಚಿ, ಸೂಜಿಯಿಂದ ಗೀರಿ, ಆಮ್ಲದಲ್ಲಿ ಅದ್ದುತ್ತಾರೆ. ಗೀರಿದ ಕಡೆ ಮಾತ್ರ ತಾಮ್ರ ಕರಗಿ ಹಳ್ಳ ಬೀಳುತ್ತದೆ. ಆ ಹಳ್ಳಕ್ಕೆ ಶಾಯಿ ತುಂಬಿ ಕಾಗದ ಒತ್ತಿ ತೆಗೆದರೆ ಚಿತ್ರ ಬರುತ್ತದೆ, ಆದರೆ ಎಡ ಬಲ ತಿರುಗಿ ಬರುತ್ತದೆ. ರಬ್ಬರ್ ಸ್ಟಾಂಪಿನಲ್ಲಿ ಅಕ್ಷರ ಉಲ್ಟಾ ಕೆತ್ತಿರುತ್ತಾರಲ್ಲ, ಅದೇ ಲೆಕ್ಕ. ಊರು ಸರಿಯಾಗಿ ಬರಬೇಕಾದರೆ ತಗಡಿನ ಮೇಲೆ ಉಲ್ಟಾ ಗೀರಬೇಕು. ರೆಂಬ್ರಾಂಟ್ ಇಲ್ಲಿ ಆ ಕಷ್ಟ ತಗೊಂಡಿಲ್ಲ, ಕಂಡ ಹಾಗೇ ಗೀರಿದ್ದಾನೆ.

ಹಾಗಾಗಿ ಹೀಗೆ ಮಾಡಿ. ಕಾರ್ಡನ್ನು ಕನ್ನಡಿಗೆ ಹಿಡಿಯಿರಿ, ಇಲ್ಲಾಂದ್ರೆ ಫೋಟೋ ತೆಗೆದು ಮೊಬೈಲಿನಲ್ಲೇ ತಿರುಗಿಸಿ. ಊರಿನ ಪೂರ್ವಕ್ಕೆ ಕಾಡೈಕ್ ಅನ್ನುವ ದಂಡೆ ಇದೆ, ಅವನು ನಿಂತದ್ದು ಅಲ್ಲಿ, ಮುಖ ಪಶ್ಚಿಮಕ್ಕೆ. ಕನ್ನಡಿಯಲ್ಲಿ ನೋಡಿದಾಗ ನಿಮ್ಮ ಎಡಕ್ಕೆ, ಅಂದರೆ ದಕ್ಷಿಣಕ್ಕೆ, ಝೌಡರ್‌ಕೆರ್ಕ್ ಚರ್ಚಿನ ತುದಿ. ಆಮೇಲೆ ಗಾಳಿಯಂತ್ರ, ಈಸ್ಟ್ ಇಂಡಿಯಾ ಕಂಪನಿಯ ಗೋದಾಮು. ಬಲಕ್ಕೆ ಹೋದರೆ ಔಡೆಕೆರ್ಕ್ ಚರ್ಚು, ತೀರಾ ಬಲ ತುದಿಗೆ ಹಾರಿಂಗ್‌ಪಾಕರ್ ಗೋಪುರ. ಅದು ಈಗ ಇಲ್ಲ, 1829ರಲ್ಲಿ ಕೆಡವಿದರು.

ಗೋದಾಮಿಗೂ ಔಡೆಕೆರ್ಕ್‌ಗೂ ನಡುವೆ ಏನಿದೆ ಅಂತ ನಾನು ಹೇಳುವುದಿಲ್ಲ. ನೀವೇ ನೋಡಿ ಹೇಳಿ.

ಕಾಲುವೆದಡ:

ಬಚ್ಚಲ ಕನ್ನಡಿ ಮುಂದೆ ಭೂತಗನ್ನಡಿ ಹಿಡಿದುಕೊಂಡು ನಿಂತು ಬರೆಯುತ್ತಿದ್ದೇನೆ.

ಗೋದಾಮು ಆದಮೇಲೆ, ಔಡೆಕೆರ್ಕ್‌ಗಿಂತ ಮೊದಲು ಒಂದು ಗೋಪುರ ಇದೆ. ತುಂಬಾ ಸಣ್ಣದು, ಅಕ್ಕಿಕಾಳಿಗಿಂತ ಸಣ್ಣದು. ಚೂಪಾಗಿದೆ. ಇದು ಮಾಂಟೆಲ್‌ಬಾನ್ ಗೋಪುರ, ಅಲ್ವಾ? ಶಿಖರದ ಸಮೇತ ಇದೆ!

ಅಂದರೆ ಅದೇ ಮನುಷ್ಯ ಮೂರು ನಾಲ್ಕು ವರ್ಷ ಮೊದಲು ಅದನ್ನು ತಲೆಯ ಸಮೇತ ಬಿಡಿಸಿದ್ದಾನೆ. ಇದು ಇಷ್ಟು ದಿನ ನನ್ನ ಫ್ರಿಜ್ಜಿನ ಮೇಲೇ ಅಂಟಿಕೊಂಡಿತ್ತು.

ಹಳೆನಕ್ಷೆ:

ಅದೇ. ದೂರದ ನೋಟದಲ್ಲಿ ಯಾವ ಗೋಪುರ ಯಾವುದು ಅಂತ ಗೊತ್ತಾಗುವುದೇ ಅದರ ತುದಿಯಿಂದ. ಅಲ್ಲಿ ಶಿಖರ ತೆಗೆದರೆ ಊರು ಗುರುತೇ ಸಿಗುವುದಿಲ್ಲ, ಅದಕ್ಕೆ ಇಟ್ಟ. ಹತ್ತಿರಕ್ಕೆ ಹೋಗಿ ಬುರುಜನ್ನೇ ಬಿಡಿಸುವಾಗ ಅದು ಬೇಡವಾಯಿತು.

ದಕ್ಕೆಯವ:

ಇದನ್ನು ಓದಿ ನನಗೆ ರೋಮಾಂಚನ ಆಯಿತು. ನನ್ನ ವಾದವನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಅವನ ಮನೆ ಬಾಗಿಲಿನಿಂದ ಐದು ನಿಮಿಷ, 1639ರಿಂದ ಅಲ್ಲೇ ಇದ್ದ, 13,000 ಗಿಲ್ಡರ್ ಬೆಲೆಗೆ ಸಾಲ ಮಾಡಿ ಕೊಂಡ ಮನೆ ಅದು. ದಿನಾ ಓಡಾಡುವಾಗ ಕಾಣುತ್ತಿದ್ದ ಗೋಪುರ. ಮರೆತು ಬಿಟ್ಟದ್ದು ಅಂತೂ ಅಲ್ಲ. ಮೇಡಂ ಹೇಳಿದ್ದರಲ್ಲಿ ನಾನು ಅಂದುಕೊಂಡದ್ದಕ್ಕಿಂತ ಹುರುಳು ಜಾಸ್ತಿ ಇದೆ.

ಮಸಿಕುಡಿಕೆ:

ಕಾಲುವೆದಡ ಅವರೇ, ಈ ಎರಡೂ ಕಾರ್ಡುಗಳನ್ನು ನಾನು ನನ್ನ ಮಕ್ಕಳ ತರಗತಿಯಲ್ಲಿ ತೋರಿಸುತ್ತೇನೆ. ಮೊದಲು ಏನೂ ಹೇಳದೆ ಕೊಟ್ಟು, ಎರಡರಲ್ಲೂ ಇರುವ ಒಂದೇ ಕಟ್ಟಡ ಹುಡುಕಿ ಅನ್ನುತ್ತೇನೆ. ಕನ್ನಡಿ ಆಮೇಲೆ ಕೊಡುತ್ತೇನೆ.

ಕಾಲುವೆದಡ:

ಈಗಷ್ಟೇ ಅತ್ತೆಗೆ ಫೋನ್ ಮಾಡಿದ್ದೆ. ಎಲ್ಲ ಹೇಳಿದೆ, ಕನ್ನಡಿಯದ್ದೂ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ "ಅವನ ಮನೆ ಹತ್ತಿರದ್ದು ಅಂತೀಯ, ಹಾಗಾದ್ರೆ ಅವನಿಗೆ ಆ ಗಂಟೆ ದಿನಾ ಕೇಳಿಸ್ತಿತ್ತು ಅನ್ನು" ಅಂದರು. ನನಗೆ ಅದು ಹೊಳೆದಿರಲಿಲ್ಲ. ಬಿಡಿಸದೇ ಬಿಟ್ಟ ಗಡಿಯಾರದ ಗಂಟೆ ಅವನಿಗೆ ಕೇಳಿಸುತ್ತಲೇ ಇತ್ತು.

ಕಾರ್ಡಿನ ಹಿಂದೆ ಬರೆದದ್ದನ್ನು ಹೊಡೆದುಹಾಕಿ ಬೇರೆ ಬರೆಯುತ್ತಾರಂತೆ, ಏನು ಬರೆಯಲಿ ಅಂತ ಕೇಳಿದ್ದಾರೆ. ಇಷ್ಟು ಕಳಿಸುತ್ತಿದ್ದೇನೆ, ತಪ್ಪಿದ್ದರೆ ಹೇಳಿ: "ಮಾಂಟೆಲ್‌ಬಾನ್ ಬುರುಜು, 1516ರದ್ದು. ಮೇಲಿನ ಶಿಖರ 1606ರದ್ದು. ರೆಂಬ್ರಾಂಟ್ 1644–45ರಲ್ಲಿ ಶಿಖರ ಬಿಟ್ಟು ಬಿಡಿಸಿದ ಚಿತ್ರ."

ಹಳೆನಕ್ಷೆ:

ಎಲ್ಲ ಸರಿ. 1644–45ರ ಮುಂದೆ ‘ಸುಮಾರು’ ಅಂತ ಒಂದು ಮಾತು ಸೇರಿಸಿ, ಅವನು ಅದರ ಮೇಲೆ ತಾರೀಕು ಹಾಕಿಲ್ಲ.